ಎರಡು ಪೊಟ್ಟಣಗಳ ನಡುವೆ: ಸಂಸ್ಕರಿತ ಆಹಾರದಲ್ಲಿ ಯಾವ ರಾಸಾಯನಿಕವನ್ನು ಬಿಡಬೇಕು, ಯಾವುದಕ್ಕೆ ಹೆದರಬೇಕಿಲ್ಲ

ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳ ವಿಷಯದಲ್ಲಿ ಜನ ಸಾಮಾನ್ಯವಾಗಿ ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಮೂರಂಕಿಯ ಸಂಖ್ಯೆ ಕಂಡರೆ ಸಾಕು, ಅದು ವಿಷವೇ. ಇನ್ನೊಂದು ಗುಂಪಿಗೆ ಕಾನೂನಿನ ಅನುಮತಿ ಇದೆ ಎಂದ ಮೇಲೆ ಮತ್ತೆ ಯೋಚಿಸುವ ಮಾತೇ ಇಲ್ಲ. ಇಬ್ಬರಿಗೂ ಆಯ್ಕೆ ಸುಲಭ. ಆದರೆ ಮೊದಲಿನವರು ವಿಟಮಿನ್ ಸಿ ಇರುವ ಪೊಟ್ಟಣವನ್ನೂ ಹೆದರಿ ಕೆಳಗಿಡುತ್ತಾರೆ. ಎರಡನೆಯವರು ಮಗುವಿನ ಊಟದ ಡಬ್ಬಿಗೆ ದಿನವೂ ಸಾಸೇಜ್ ಹಾಕಿ ಕಳಿಸುತ್ತಾರೆ. ಹೆದರದೆ, ಕಣ್ಣು ಮುಚ್ಚದೆ, ಒಂದೊಂದನ್ನೂ ತೂಗಿ ನೋಡಿ ಆರಿಸಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಒಂದೇ: ಈ ವಸ್ತು ಇಲ್ಲಿ ಏನು ಕೆಲಸ ಮಾಡುತ್ತಿದೆ? ಕೆಲವು ಸೇರ್ಪಡೆಗಳು ಆಹಾರ ಕೆಟ್ಟು ವಿಷವಾಗದಂತೆ ತಡೆಯುತ್ತವೆ. ಕೆಲವು ಆಹಾರದ ಹದವನ್ನು ಹಿಡಿದಿಡುತ್ತವೆ. ಇನ್ನು ಕೆಲವು ಇರುವುದು ಬರೀ ಕಣ್ಣಿಗಾಗಿ. ಕಣ್ಣಿಗಾಗಿ ಇರುವುದನ್ನು ಬಿಟ್ಟರೆ ತಿನ್ನುವವರಿಗೆ ನಷ್ಟವೇನೂ ಇಲ್ಲ, ಆದ್ದರಿಂದ ಅದರ ಮೇಲೆ ಸಣ್ಣ ಅನುಮಾನ ಬಂದರೂ ಬಿಟ್ಟುಬಿಡಬಹುದು. ಕೆಡದಂತೆ ಕಾಯುವುದನ್ನು ಬಿಡಬೇಕಾದರೆ ಅದರ ಕೆಲಸವನ್ನು ಬೇರೆ ಯಾವುದು ಮಾಡುತ್ತದೆ ಎಂದು ಮೊದಲು ನೋಡಬೇಕು: ಫ್ರಿಜ್ಜಿನ ತಂಪೋ, ಉಪ್ಪೋ, ಬೇಗ ತಿಂದು ಮುಗಿಸುವ ಅಭ್ಯಾಸವೋ.

ಸಂಖ್ಯೆಗಳನ್ನು ಓದುವ ಬಗೆ

ಸಂಖ್ಯೆ ಎನ್ನುವುದು ಗುರುತಿನ ಚೀಟಿ, ಅಷ್ಟೆ. ಯುರೋಪಿನಲ್ಲಿ ಅದರ ಮುಂದೆ ‘ಇ’ ಅಕ್ಷರ ಇರುತ್ತದೆ. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗದ ಐಎನ್‌ಎಸ್ ಪದ್ಧತಿಯಲ್ಲೂ ಬಹುಮಟ್ಟಿಗೆ ಅದೇ ಸಂಖ್ಯೆಗಳಿವೆ. 100ರಿಂದ ಶುರುವಾಗುವವು ಬಣ್ಣಗಳು. 200ರ ಸಾಲು ಸಂರಕ್ಷಕಗಳದು. 300ರಲ್ಲಿ ಎಣ್ಣೆ ಕಮಟದಂತೆ ತಡೆಯುವ ಉತ್ಕರ್ಷಣ ನಿರೋಧಕಗಳು ಮತ್ತು ಆಮ್ಲಗಳಿವೆ. 400ರಲ್ಲಿ ದಪ್ಪಗಾಗಿಸುವ ಅಂಟುಗಳು, ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿಯುವ ಎಮಲ್ಸಿಫೈಯರ್‌ಗಳಿವೆ. 620ರಿಂದ ಮುಂದೆ ರುಚಿ ಹೆಚ್ಚಿಸುವವು, 950ರ ಆಸುಪಾಸಿನಲ್ಲಿ ಕೃತಕ ಸಿಹಿಗಳು.

ಅರಿಸಿನದಿಂದ ತೆಗೆದ ಹಳದಿ 100. ವಿಟಮಿನ್ ಸಿ 300. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ 330. ಹಣ್ಣಿನ ಪೆಕ್ಟಿನ್ 440. ಸಂಖ್ಯೆ ಇದ್ದ ಮಾತ್ರಕ್ಕೆ ಪೊಟ್ಟಣ ಕೆಳಗಿಡುವವರು ಇವನ್ನೆಲ್ಲ ಕಳೆದುಕೊಳ್ಳುತ್ತಾರೆ.

ಅನುಮತಿಯ ಹಿಂದಿನ ಲೆಕ್ಕವನ್ನೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1956ರಿಂದ ಈ ಕೆಲಸ ಮಾಡುತ್ತಿದೆ. ಅದನ್ನು ಚಿಕ್ಕದಾಗಿ ಜೆಕ್ಫಾ ಎನ್ನುತ್ತಾರೆ. ಪ್ರಾಣಿಗಳಿಗೆ ಎಷ್ಟರವರೆಗೆ ಕೊಟ್ಟರೂ ಕೆಡುಕು ಕಾಣಲಿಲ್ಲವೋ ಆ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ, ಮನುಷ್ಯ ಜೀವನಪೂರ್ತಿ ದಿನಾ ಸೇವಿಸಬಹುದಾದ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ ಇಂತಿಷ್ಟು ಎಂದು ಹೇಳುತ್ತಾರೆ. ಇದು ಸಡಿಲ ಲೆಕ್ಕವಲ್ಲ. ಆದರೆ ‘ಪ್ರತಿ ಕಿಲೋಗೆ’ ಎಂಬ ಮಾತಿನ ಮೇಲೆ ಕಣ್ಣಿಡಿ. ಆಸ್ಪರ್ಟೇಮ್ ಎಂಬ ಕೃತಕ ಸಿಹಿಗೆ (951) ಜೆಕ್ಫಾ ಕೊಟ್ಟ ಮಿತಿ ಕಿಲೋಗೆ 40 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ 70 ಕಿಲೋ ತೂಕದ ವಯಸ್ಕ ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿಯಬೇಕು. ಯಾರೂ ಕುಡಿಯುವುದಿಲ್ಲ ಎನ್ನಬಹುದು. ಅದೇ ಲೆಕ್ಕವನ್ನು 15 ಕಿಲೋದ ಮಗುವಿಗೆ ಹಾಕಿ: ಎರಡು ಅಥವಾ ಮೂರು ಕ್ಯಾನ್‌ಗೆ ಮಿತಿ ಮುಗಿಯಿತು. ದೊಡ್ಡವರಿಗೆ ನಿಶ್ಚಿಂತೆಯ ಪ್ರಮಾಣ ಮಕ್ಕಳಿಗೆ ನಿಶ್ಚಿಂತೆಯದಲ್ಲ ಎಂಬುದು ಇಡೀ ವಿಷಯದಲ್ಲಿ ಅತಿ ಮುಖ್ಯ, ಅತಿ ಕಡಿಮೆ ಗಮನಕ್ಕೆ ಬಂದ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಬಣ್ಣ: ಕೃತಕ, ಸಹಜ, ಇಲ್ಲವೇ ಇಲ್ಲ

ಬಣ್ಣದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದು ಆಹಾರವನ್ನು ಕಾಪಾಡುವುದಿಲ್ಲ, ಪೋಷಿಸುವುದಿಲ್ಲ, ಇಲ್ಲದ ಹಣ್ಣು ಇದೆ ಎಂದು ತೋರಿಸುತ್ತದೆ.

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 300 ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಕೆಲವು ಕೃತಕ ಬಣ್ಣಗಳನ್ನು ಸೋಡಿಯಂ ಬೆಂಜೋಯೇಟ್ ಜೊತೆ ಬೆರೆಸಿದ ಪಾನೀಯ ಕುಡಿದ ಮಕ್ಕಳಲ್ಲಿ ಚಡಪಡಿಕೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿತ್ತು. ಪರಿಣಾಮ ದೊಡ್ಡದಲ್ಲ, ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಕಾಣಲಿಲ್ಲ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಸಾಕ್ಷ್ಯ ಸೀಮಿತ ಎಂದಿತು. ಆದರೂ ಯುರೋಪಿನ ಒಕ್ಕೂಟ 2010ರ ಜುಲೈಯಿಂದ ಆರು ಬಣ್ಣಗಳಿಗೆ ಎಚ್ಚರಿಕೆಯ ಸಾಲನ್ನು ಕಡ್ಡಾಯ ಮಾಡಿತು: ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಇದು ಕೆಟ್ಟ ಪರಿಣಾಮ ಬೀರಬಹುದು ಎಂದು. ಆ ಆರು ಇವು: ಟಾರ್ಟ್ರಜೀನ್ 102, ಕ್ವಿನೋಲಿನ್ ಹಳದಿ 104, ಸನ್‌ಸೆಟ್ ಹಳದಿ 110, ಕಾರ್ಮೊಯಿಸಿನ್ 122, ಪೊನ್ಸೊ 124, ಅಲ್ಯೂರಾ ಕೆಂಪು 129. ಎಚ್ಚರಿಕೆ ಅಚ್ಚು ಹಾಕುವ ಬದಲು ಅನೇಕ ತಯಾರಕರು ಬಣ್ಣವನ್ನೇ ಬದಲಿಸಿದರು. ಬದಲಿಸಲು ಸಾಧ್ಯವಿತ್ತು ಎಂಬುದೂ ಅದರಿಂದಲೇ ತಿಳಿಯಿತು.

ಟೈಟಾನಿಯಂ ಡೈಆಕ್ಸೈಡ್ (171) ಇನ್ನೂ ಸ್ಪಷ್ಟ ಉದಾಹರಣೆ. ಕ್ಯಾಂಡಿ, ಚ್ಯೂಯಿಂಗ್ ಗಮ್, ಕೇಕಿನ ಮೇಲಿನ ಲೇಪ ಇವುಗಳನ್ನು ಅಚ್ಚ ಬಿಳಿ ಮಾಡುವುದು ಇದರ ಕೆಲಸ. ಜೀವಕೋಶದ ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಯುರೋಪಿನ ಪ್ರಾಧಿಕಾರ 2021ರಲ್ಲಿ ಹೇಳಿತು, 2022ರಲ್ಲಿ ಅಲ್ಲಿ ಅದು ನಿಷೇಧವಾಯಿತು. ಜೆಕ್ಫಾ 2023ರಲ್ಲಿ ಅದೇ ವಸ್ತುವನ್ನು ಪರಿಶೀಲಿಸಿ ಮಿತಿ ಹಾಕುವ ಅಗತ್ಯವಿಲ್ಲ ಎಂದಿತು. ಎರಡು ದೊಡ್ಡ ಸಂಸ್ಥೆಗಳು ಹೀಗೆ ಬೇರೆ ಬೇರೆ ಮಾತನಾಡಿದಾಗ ಗ್ರಾಹಕ ಯಾರನ್ನು ನಂಬಬೇಕು? ನನ್ನ ಪ್ರಕಾರ ಇಲ್ಲಿ ಆ ಪ್ರಶ್ನೆಯೇ ಬೇಕಿಲ್ಲ. ಬಿಳುಪು ಬಿಟ್ಟು ಇದರಿಂದ ಬೇರೆ ಪ್ರಯೋಜನವಿಲ್ಲ. ಹಾಗಿರುವಾಗ ಇದು ಇಲ್ಲದ ಪೊಟ್ಟಣವನ್ನೇ ಎತ್ತಿಕೊಳ್ಳುವುದು ಸರಿ.

ಎರಿತ್ರೋಸಿನ್ ಎಂಬ ಕೆಂಪು (127) ಎಷ್ಟು ನಿಧಾನವಾಗಿ ಹೊರಹೋಗುತ್ತಿದೆ ನೋಡಿ. ಗಂಡು ಇಲಿಗಳಿಗೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಥೈರಾಯ್ಡ್ ಗೆಡ್ಡೆಗಳು ಕಂಡದ್ದರಿಂದ ಅಮೆರಿಕ 1990ರಲ್ಲಿ ಅದನ್ನು ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿತು. ಆಹಾರದಲ್ಲಿ ಅದರ ಅನುಮತಿ ರದ್ದಾದದ್ದು 2025ರ ಜನವರಿಯಲ್ಲಿ, ತಯಾರಕರಿಗೆ ಕೊಟ್ಟ ಗಡುವು 2027. ತುಟಿಗೆ ಹಚ್ಚಲು ಬೇಡವೆಂದ ಬಣ್ಣ ಮೂವತ್ತೈದು ವರ್ಷ ಹೊಟ್ಟೆಗೆ ಹೋಗುತ್ತಲೇ ಇತ್ತು. ನಿಷೇಧಕ್ಕಾಗಿ ಕಾಯುತ್ತ ಕೂರಬೇಕಿಲ್ಲ ಎಂದು ನಾನು ಹೇಳುವುದು ಇಂಥ ಕಾರಣಕ್ಕೆ.

ಹಾಗಾದರೆ ಸಹಜ ಬಣ್ಣ? ಬೀಟ್‌ರೂಟ್ ಕೆಂಪು 162, ಹಣ್ಣಿನ ನೇರಳೆ 163, ಕ್ಯಾರೊಟಿನ್ 160ಎ ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಕಾರ್ಮೈನ್ (120) ಕೂಡ ಸಹಜವೇ, ಆದರೆ ಅದು ಕಾಕಿನೀಲ್ ಎಂಬ ಕೀಟದಿಂದ ಬರುತ್ತದೆ; ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ, ಸಸ್ಯಾಹಾರಿಗಳಿಗೆ ಸಲ್ಲುವುದಿಲ್ಲ. ಕಂದು ಬಣ್ಣದ ಕ್ಯಾರಮೆಲ್‌ನಲ್ಲೂ ನಾಲ್ಕು ಬಗೆ. 150ಎ ಬರೀ ಸಕ್ಕರೆ ಕಾಯಿಸಿ ಮಾಡಿದ್ದು. 150ಸಿ ಮತ್ತು 150ಡಿ ಅಮೋನಿಯಾ ಬಳಸಿ ಮಾಡಿದವು. ಈ ಎರಡರಲ್ಲಿ ಉಳಿಯುವ 4-ಮೀಥೈಲ್‌ಇಮಿಡಜೋಲ್ ಎಂಬ ವಸ್ತುವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ಗುಂಪಿಗೆ ಸೇರಿಸಿದೆ. ಒಂದೇ ಹೆಸರು, ಕೊನೆಯ ಅಕ್ಷರದಲ್ಲಿ ವ್ಯತ್ಯಾಸ.

ಒಂದು ಮೊಸರಿನ ಲೋಟವನ್ನು ಕೈಗೆತ್ತಿಕೊಳ್ಳೋಣ. ಮುಚ್ಚಳದ ಮೇಲೆ ಹೊಳೆಯುವ ಸ್ಟ್ರಾಬೆರಿ. ಹಿಂದಿನ ಪಟ್ಟಿ ಹೀಗಿದೆ ಎಂದುಕೊಳ್ಳಿ: ಹಾಲು, ಸಕ್ಕರೆ, ಸ್ಟ್ರಾಬೆರಿ ಶೇ. 4, ಮಾರ್ಪಡಿಸಿದ ಪಿಷ್ಟ 1422, ದಪ್ಪಗಾಗಿಸುವ 440, ಆಮ್ಲತೆ ನಿಯಂತ್ರಕ 330, ಸಂರಕ್ಷಕ 202, ಬಣ್ಣ 129, ಪರಿಮಳ. ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿ ಬರುತ್ತವೆ, ಹಾಗಾಗಿ ಹಣ್ಣಿಗಿಂತ ಸಕ್ಕರೆ ಹೆಚ್ಚು ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. 440 ಮತ್ತು 330 ನಿರುಪದ್ರವಿ. 1422 ಹಣ್ಣಿನ ತಿರುಳು ಕಡಿಮೆ ಇರುವುದನ್ನು ಮರೆಮಾಡುತ್ತದೆ, ವಿಷವಲ್ಲ. 202 ಎಂದರೆ ಪೊಟ್ಯಾಸಿಯಂ ಸಾರ್ಬೇಟ್, ಬೂಷ್ಟು ತಡೆಯುತ್ತದೆ, ಸಂರಕ್ಷಕಗಳಲ್ಲಿ ಸೌಮ್ಯವಾದದ್ದು. 129 ಮಾತ್ರ ಕೆಲಸಕ್ಕೆ ಬಾರದ ಅಪಾಯ. ಪಕ್ಕದಲ್ಲಿ ಅದೇ ಮೊಸರು 129ರ ಬದಲು 162 ಹಾಕಿಕೊಂಡು ‘ಸಹಜ ಬಣ್ಣ’ ಎಂದು ದೊಡ್ಡದಾಗಿ ಬರೆದುಕೊಂಡು ಕೂತಿದ್ದರೆ ಅದು ಮೊದಲಿನದಕ್ಕಿಂತ ಉತ್ತಮ. ಆದರೆ ಸಕ್ಕರೆಯ ಪ್ರಮಾಣ ಒಂದು ಚೂರೂ ಇಳಿದಿಲ್ಲ. ಮೂರನೆಯ ಆಯ್ಕೆ ಇನ್ನೊಂದು ಕಪಾಟಿನಲ್ಲಿದೆ: ಹಾಲು ಮತ್ತು ಹೆಪ್ಪು, ಎರಡೇ ಪದಾರ್ಥದ ಸಾದಾ ಮೊಸರು, ಅದಕ್ಕೆ ನೀವೇ ಹೆಚ್ಚಿ ಹಾಕುವ ಹಣ್ಣು. ಎರಡು ಪೊಟ್ಟಣಗಳನ್ನು ಹೋಲಿಸುವಾಗ ಈ ಮೂರನೆಯದನ್ನು ಮರೆತರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಮಾಂಸ: ನೈಟ್ರೈಟ್ ಇರುವುದು, ‘ನೈಟ್ರೈಟ್ ಇಲ್ಲ’ ಎನ್ನುವುದು, ಸಾದಾ ಮಾಂಸ

ಬೇಕನ್, ಹ್ಯಾಮ್, ಸಾಸೇಜ್‌ಗಳ ಗುಲಾಬಿ ಬಣ್ಣ ಮಾಂಸದ ಸ್ವಂತ ಬಣ್ಣವಲ್ಲ. ಸೋಡಿಯಂ ನೈಟ್ರೈಟ್ (250) ಮಾಂಸದ ವರ್ಣದ್ರವ್ಯದ ಜೊತೆ ಸೇರಿ ಆ ಬಣ್ಣ ಕೊಡುತ್ತದೆ. ಪಟ್ಟಿಯಲ್ಲಿ 249, 251, 252 ಎಂದಿದ್ದರೂ ಅವು ಇದೇ ಮನೆತನದವು. ಬಣ್ಣದ ಜೊತೆಗೆ ಇದು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಆ ಕೆಲಸ ಹಗುರವಾದದ್ದಲ್ಲ: ಬಾಟುಲಿಸಂ ಎಂಬ ಮಾರಕ ಕಾಯಿಲೆಯ ವಿಷ ಉಂಟುಮಾಡುವ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ. ಇದನ್ನು ನಿರಾಕರಿಸಿ ನೈಟ್ರೈಟ್ ಬರೀ ದುಷ್ಟ ಎನ್ನುವವರ ಮಾತು ಅಪೂರ್ಣ.

ಆದರೆ ಬೆಲೆ ತೆರಬೇಕಾಗುತ್ತದೆ. ನೈಟ್ರೈಟ್ ಮಾಂಸದ ಪ್ರೋಟೀನಿನ ಅಂಶಗಳ ಜೊತೆ ಕೂಡಿ ನೈಟ್ರೋಸಮೈನ್‌ಗಳಾಗುತ್ತದೆ. ಬೇಕನ್ನನ್ನು ಬಿಸಿ ಬಾಣಲೆಯಲ್ಲಿ ಗರಿಗರಿಯಾಗಿ ಹುರಿದಾಗ ಹೆಚ್ಚು, ಹೊಟ್ಟೆಯಲ್ಲೂ ಸ್ವಲ್ಪ. ಅವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿತ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ ಎಂದು ಅಂದಾಜಿಸಿತು. ತಂಬಾಕು ಇರುವುದೂ ಇದೇ ಗುಂಪಿನಲ್ಲಿ, ಆದರೆ ಎರಡರ ಅಪಾಯ ಸಮ ಎಂದಲ್ಲ. ಆ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಶೇ. 18 ಎನ್ನುವುದೂ ಈಗಿರುವ ಅಪಾಯದ ಮೇಲಿನ ಏರಿಕೆ.

ಮಕ್ಕಳ ಲೆಕ್ಕ ಇಲ್ಲಿ ಇನ್ನೂ ಬಿಗಿ. ನೈಟ್ರೈಟಿಗೆ ಜೆಕ್ಫಾ ಕೊಟ್ಟ ದಿನದ ಮಿತಿ ದೇಹತೂಕದ ಕಿಲೋಗೆ 0.07 ಮಿಲಿಗ್ರಾಂ. 15 ಕಿಲೋದ ಮಗುವಿಗೆ ಅದು ಸುಮಾರು ಒಂದು ಮಿಲಿಗ್ರಾಂ. ಒಂದು ಕಿಲೋ ಸಾಸೇಜಿನಲ್ಲಿ ತಿನ್ನುವ ಹೊತ್ತಿಗೆ 20 ಮಿಲಿಗ್ರಾಂ ನೈಟ್ರೈಟ್ ಉಳಿದಿದ್ದರೆ 50 ಗ್ರಾಮಿಗೆ ಆ ಮಗುವಿನ ಮಿತಿ ಮುಗಿಯುತ್ತದೆ.

ಇಲ್ಲಿಗೆ ಬರುತ್ತದೆ ‘ನೈಟ್ರೈಟ್ ಸೇರಿಸಿಲ್ಲ’ ಎಂಬ ದುಬಾರಿ ಪೊಟ್ಟಣ. ಹಿಂಬದಿ ಓದಿದರೆ ಸೆಲರಿ ಪುಡಿಯೋ ಸೆಲರಿ ರಸವೋ ಇರುತ್ತದೆ. ಸೆಲರಿಯಲ್ಲಿ ನೈಟ್ರೇಟ್ ಹೇರಳ. ಬ್ಯಾಕ್ಟೀರಿಯಾ ಬಳಸಿ ಅದನ್ನು ನೈಟ್ರೈಟ್ ಮಾಡಿ ಮಾಂಸಕ್ಕೆ ಬೆರೆಸುತ್ತಾರೆ. ತರಕಾರಿಯಿಂದ ಬಂದ ನೈಟ್ರೈಟಿಗೂ ಕಾರ್ಖಾನೆಯ ನೈಟ್ರೈಟಿಗೂ ಅಣುವಿನಲ್ಲಿ ವ್ಯತ್ಯಾಸವಿಲ್ಲ. ಆರೋಗ್ಯಕ್ಕೆಂದು ಹೆಚ್ಚು ಹಣ ಕೊಟ್ಟವರಿಗೆ ಅದೇ ವಸ್ತುವನ್ನು ಬೇರೆ ಹೆಸರಿನಲ್ಲಿ ಕೊಡುವುದು ನನ್ನ ಕಣ್ಣಿಗೆ ಮೋಸವೇ. ಹಸಿ ಸೊಪ್ಪು, ಬೀಟ್‌ರೂಟ್ ತಿನ್ನುವವರು ಇದನ್ನು ಓದಿ ಹೆದರಬೇಕಿಲ್ಲ: ಅಲ್ಲಿ ನೈಟ್ರೇಟಿನ ಜೊತೆಗೆ ವಿಟಮಿನ್ ಸಿ ಮುಂತಾದವೂ ಇದ್ದು ನೈಟ್ರೋಸಮೈನ್ ಆಗದಂತೆ ತಡೆಯುತ್ತವೆ.

ನಿಜಕ್ಕೂ ನೈಟ್ರೈಟ್ ಇಲ್ಲದ್ದು ಬೇಕಾದರೆ ಪಟ್ಟಿಯಲ್ಲಿ ಮಾಂಸ, ಉಪ್ಪು ಇಷ್ಟೇ ಇರಬೇಕು. ಇಟಲಿಯ ಪಾರ್ಮಾ ಹ್ಯಾಮ್ ಉಪ್ಪಿನಿಂದ ಮತ್ತು ತಿಂಗಳುಗಟ್ಟಲೆ ಒಣಗಿಸುವುದರಿಂದಲೇ ತಯಾರಾಗುತ್ತದೆ. ಆದರೆ ಉಪ್ಪು ಹಾಕಿ ಒಣಗಿಸಿದ್ದೂ ಸಂಸ್ಕರಿತ ಮಾಂಸವೇ. ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ಸಾದಾ ಮಾಂಸ, ಮೀನು ಅಥವಾ ಮೊಟ್ಟೆ. ಸಂಸ್ಕರಿತ ಮಾಂಸ ಬೇಕೇ ಬೇಕೆಂದರೆ ಯಾವಾಗಲೋ ಒಮ್ಮೆ, ಪಟ್ಟಿಯಲ್ಲಿ ಆಸ್ಕಾರ್ಬೇಟ್ (301) ಅಥವಾ ಎರಿಥಾರ್ಬೇಟ್ (316) ಇರುವುದನ್ನು ನೋಡಿ, ಸುಟ್ಟು ಕಪ್ಪಾಗಿಸದೆ. ಸೆಲರಿ ಪುಡಿಯ ಪೊಟ್ಟಣಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. ಮನೆಯಲ್ಲೇ ಸಾಸೇಜ್ ಮಾಡಿ ನೈಟ್ರೈಟ್ ಇಲ್ಲದೆ ದಿನಗಟ್ಟಲೆ ಇಡುವ ಪ್ರಯೋಗವನ್ನೂ ಮಾಡಬೇಡಿ. ಅಂದೇ ಬೇಯಿಸಿ ತಿನ್ನಿ, ಇಲ್ಲವೇ ಫ್ರೀಜ್ ಮಾಡಿ.

ಪಾನೀಯ: ಎರಡು ಒಳ್ಳೆಯವು ಕೂಡಿ ಕೆಟ್ಟದ್ದಾಗುವ ಕಡೆ

ಸೋಡಿಯಂ ಬೆಂಜೋಯೇಟ್ (211) ಹುಳಿ ಪಾನೀಯಗಳಲ್ಲಿ ಯೀಸ್ಟ್ ಮತ್ತು ಬೂಷ್ಟು ಬೆಳೆಯದಂತೆ ತಡೆಯುತ್ತದೆ. ವಿಟಮಿನ್ ಸಿ (300) ನಮಗೆ ಬೇಕಾದದ್ದೇ. ಎರಡೂ ಒಂದೇ ಬಾಟಲಿಯಲ್ಲಿದ್ದು, ಬಾಟಲಿ ಬಿಸಿಲು ಮತ್ತು ಬಿಸಿಯಲ್ಲಿ ಕಾಯುತ್ತಾ ಇದ್ದರೆ ಸಣ್ಣ ಪ್ರಮಾಣದಲ್ಲಿ ಬೆಂಜೀನ್ ಹುಟ್ಟುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವುದು ಖಚಿತವಾದ ವಸ್ತು. 2005ರಿಂದಾಚೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪಾನೀಯಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ ಅಥವಾ ಅತ್ಯಲ್ಪವಿತ್ತು, ಕೆಲವು ಮಾತ್ರ ಕುಡಿಯುವ ನೀರಿಗೆ ಅಲ್ಲಿರುವ ಶತಕೋಟಿಗೆ 5 ಭಾಗದ ಮಿತಿಯನ್ನು ಮೀರಿದ್ದವು. ಅವುಗಳ ತಯಾರಿಕೆಯನ್ನು ಬದಲಿಸಲಾಯಿತು. ಇದು ಗಾಬರಿಯಾಗುವ ವಿಷಯವಲ್ಲ, ಆದರೆ ಅತಿ ಸುಲಭವಾಗಿ ತಪ್ಪಿಸಬಹುದಾದ ವಿಷಯ.

ಎರಡು ಬಾಟಲಿಗಳನ್ನು ಹೋಲಿಸುವಾಗ 211 ಅಥವಾ 212 ಇದ್ದು, ಜೊತೆಗೆ 300 ಎಂದೋ ಆಸ್ಕಾರ್ಬಿಕ್ ಆಮ್ಲ ಎಂದೋ ಇದ್ದರೆ ಅದನ್ನು ಬಿಡಿ. ಸಾರ್ಬೇಟ್ (202) ಬಳಸಿದ್ದರೆ ಈ ತೊಂದರೆ ಇಲ್ಲ. ಕಾಯಿಸಿ ಮುಚ್ಚಿದ, ಸಂರಕ್ಷಕವೇ ಇಲ್ಲದ ರಸ ಇನ್ನೂ ಉತ್ತಮ, ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು ಅಷ್ಟೆ. ಯಾವುದನ್ನೇ ಕೊಂಡರೂ ಕಾರಿನೊಳಗೆ, ಕಿಟಕಿಯ ಬಿಸಿಲಲ್ಲಿ ಇಡಬೇಡಿ.

ಸಕ್ಕರೆಯೋ ಕೃತಕ ಸಿಹಿಯೋ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. 2023ರ ಜುಲೈನಲ್ಲಿ ಆಸ್ಪರ್ಟೇಮ್ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ಗುಂಪಿಗೆ ಸೇರಿದ್ದು ದೊಡ್ಡ ಸುದ್ದಿಯಾಯಿತು. ಅದೇ ದಿನ ಜೆಕ್ಫಾ ಹಳೆಯ ಮಿತಿಯನ್ನು ಹಾಗೆಯೇ ಉಳಿಸಿಕೊಂಡದ್ದು ಅಷ್ಟು ಸುದ್ದಿಯಾಗಲಿಲ್ಲ. ಅದಕ್ಕಿಂತ ಉಪಯುಕ್ತವಾದ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ ಎರಡು ತಿಂಗಳು ಮೊದಲೇ ಹೇಳಿತ್ತು: ತೂಕ ನಿಯಂತ್ರಣಕ್ಕೆಂದು ಸಕ್ಕರೆಯಲ್ಲದ ಸಿಹಿಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಅದರಿಂದ ಮೈ ಕೊಬ್ಬು ಕರಗುವ ಲಾಭ ಕಾಣುತ್ತಿಲ್ಲ. ದಿನಕ್ಕೆ ಮೂರು ನಾಲ್ಕು ಬಾಟಲಿ ಸಕ್ಕರೆ ಪಾನೀಯ ಕುಡಿಯುವವರಿಗೆ ಡಯಟ್ ಪಾನೀಯ ಬಿಡುವ ದಾರಿಯ ನಡುವಿನ ಮೆಟ್ಟಿಲಾಗಬಹುದು, ನಾನು ಅದನ್ನು ತಡೆಯುವುದಿಲ್ಲ. ಮಕ್ಕಳ ವಿಷಯದಲ್ಲಿ ಎರಡೂ ಬೇಡ. ನೀರು ಮತ್ತು ಹಾಲು ಸಾಕು.

ಬ್ರೆಡ್, ಒಣಹಣ್ಣು

ಬ್ರೆಡ್‌ನಲ್ಲಿ ಹುಡುಕಬೇಕಾದದ್ದು ಒಂದೇ ಸಂಖ್ಯೆ: 924, ಅಂದರೆ ಪೊಟ್ಯಾಸಿಯಂ ಬ್ರೋಮೇಟ್. ಹಿಟ್ಟನ್ನು ಬಿಗಿಗೊಳಿಸಿ ಬ್ರೆಡ್ ಎತ್ತರಕ್ಕೆ ಉಬ್ಬುವಂತೆ ಮಾಡುತ್ತದೆ. ಸರಿಯಾಗಿ ಬೆಂದರೆ ಬಹುಪಾಲು ನಿರಪಾಯಕಾರಿ ಬ್ರೋಮೈಡ್ ಆಗುತ್ತದೆ, ಬೇಯದೆ ಉಳಿದರೆ ಬ್ರೋಮೇಟ್ ಆಗಿಯೇ ಉಳಿಯುತ್ತದೆ. ಪ್ರಾಣಿಗಳಲ್ಲಿ ಮೂತ್ರಪಿಂಡದ ಗೆಡ್ಡೆ ತಂದ ವಸ್ತು ಇದು. ಬ್ರಿಟನ್ 1990ರಲ್ಲಿ, ಕೆನಡಾ 1994ರಲ್ಲಿ, ಚೀನಾ 2005ರಲ್ಲಿ, ಭಾರತ 2016ರಲ್ಲಿ ನಿಷೇಧಿಸಿದವು. ಕ್ಯಾಲಿಫೋರ್ನಿಯಾದ ನಿಷೇಧ 2027ರಿಂದ. ಇದೇ ಕೆಲಸವನ್ನು ವಿಟಮಿನ್ ಸಿ ಮಾಡುತ್ತದೆ, ಹಾಗಾಗಿ ಬ್ರೆಡ್ ಪಟ್ಟಿಯಲ್ಲಿ 300 ಕಂಡರೆ ಸಮಾಧಾನಪಡಿ. ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೋನೇಟ್ (282) ಬಗ್ಗೆ ನನಗೆ ಹೆಚ್ಚು ಆತಂಕವಿಲ್ಲ; ಪ್ರೊಪಿಯಾನಿಕ್ ಆಮ್ಲ ಸ್ವಿಸ್ ಚೀಸ್‌ನಲ್ಲಿ ತಾನಾಗಿಯೇ ಹುಟ್ಟುತ್ತದೆ. ಅದೂ ಬೇಡವೆನ್ನುವವರು ಸಂರಕ್ಷಕವಿಲ್ಲದ ಬ್ರೆಡ್ ತಂದು ಹೋಳು ಮಾಡಿ ಫ್ರೀಜರ್‌ನಲ್ಲಿಡಬಹುದು, ಬೇಕಾದಷ್ಟೇ ತೆಗೆದು ಬಿಸಿ ಮಾಡಬಹುದು.

ಒಣಹಣ್ಣಿನಲ್ಲಿ ಕಣ್ಣೇ ಸಾಕು, ಲೇಬಲ್ ಕೂಡ ಬೇಡ. ಏಪ್ರಿಕಾಟ್ ಕೇಸರಿ ಬಣ್ಣಕ್ಕೆ ಮಿಂಚುತ್ತಾ ಮೆತ್ತಗಿದ್ದರೆ ಅದಕ್ಕೆ ಗಂಧಕದ ಡೈಆಕ್ಸೈಡ್ (220) ಹೊಗೆ ತಾಗಿದೆ. ಗಂಧಕವಿಲ್ಲದೆ ಒಣಗಿದ ಏಪ್ರಿಕಾಟ್ ಕಡುಕಂದು, ಸ್ವಲ್ಪ ಗಟ್ಟಿ, ಬೆಲ್ಲದಂಥ ರುಚಿ. 220ರಿಂದ 228ರವರೆಗಿನ ಸಲ್ಫೈಟ್‌ಗಳು ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ, ಆದರೆ ಆಸ್ತಮಾ ಇರುವ ಕೆಲವರಿಗೆ ಉಸಿರು ಕಟ್ಟಿಸುತ್ತವೆ. ಹಸಿ ತರಕಾರಿ, ಹಣ್ಣುಗಳ ಮೇಲೆ ಸಲ್ಫೈಟ್ ಸಿಂಪಡಿಸುವುದನ್ನು ಅಮೆರಿಕ 1986ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಲೇಬಲ್‌ನಲ್ಲಿ ಹೇಳಲೇಬೇಕು ಎಂದು ಅನೇಕ ದೇಶಗಳ ನಿಯಮವಿದೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಕಂದು ಹಣ್ಣನ್ನೇ ತನ್ನಿ. ಇಲ್ಲದಿದ್ದರೆ ಇದು ರುಚಿಯ ಪ್ರಶ್ನೆ.

ಕೊಬ್ಬು: ಸಂಖ್ಯೆ ಇಲ್ಲದ ಅಪಾಯ

ಬಿಸ್ಕತ್ತು, ಚಿಪ್ಸ್‌ಗಳ ಎಣ್ಣೆ ಕಮಟದಿರಲೆಂದು ಬಿಎಚ್‌ಎ (320), ಬಿಎಚ್‌ಟಿ (321), ಟಿಬಿಎಚ್‌ಕ್ಯೂ (319) ಬಳಸುತ್ತಾರೆ. ಬಿಎಚ್‌ಎ ಇಲಿಗಳ ಮುಂಜಠರದಲ್ಲಿ ಗೆಡ್ಡೆ ತಂದಿತ್ತು. ಮನುಷ್ಯರಿಗೆ ಆ ಅಂಗವೇ ಇಲ್ಲ. ಅದೇ ಕೆಲಸವನ್ನು ವಿಟಮಿನ್ ಇ ಬಗೆಯ ಟೊಕೊಫೆರಾಲ್‌ಗಳು (306ರಿಂದ 309) ಮಾಡುವುದರಿಂದ ಅವು ಇರುವ ಪೊಟ್ಟಣ ಸಿಕ್ಕರೆ ಅದನ್ನೇ ಆರಿಸಿ, ಸಿಗದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಿಸಬೇಕಾದದ್ದು ಸಂಖ್ಯೆಯೇ ಇಲ್ಲದ ಇನ್ನೊಂದು: ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ. ಅದರಲ್ಲಿರುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ, ಹೃದಯಾಘಾತಕ್ಕೆ ನೇರ ದಾರಿ ಮಾಡುತ್ತದೆ. ಡೆನ್ಮಾರ್ಕ್ 2003ರಲ್ಲೇ ಇದಕ್ಕೆ ಕಡಿವಾಣ ಹಾಕಿತು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗತ್ತಿನ ಆಹಾರದಿಂದಲೇ ತೆಗೆಯಬೇಕೆಂದು ಕರೆ ಕೊಟ್ಟಿತು. ‘ಟ್ರಾನ್ಸ್ ಕೊಬ್ಬು 0’ ಎಂಬ ಮುಂಬದಿಯ ಮಾತನ್ನು ನೆಚ್ಚಬೇಡಿ. ಅಮೆರಿಕದಲ್ಲಿ ಒಂದು ಬಡಿಸುವ ಪ್ರಮಾಣಕ್ಕೆ ಅರ್ಧ ಗ್ರಾಮಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ಬರೆಯಬಹುದು, ಬಡಿಸುವ ಪ್ರಮಾಣ ಎಂದರೆ ಎರಡು ಬಿಸ್ಕತ್ತು ಆಗಿರಬಹುದು. ಹಿಂಬದಿಯ ಪಟ್ಟಿಯಲ್ಲಿ ‘ಹೈಡ್ರೋಜನೀಕರಿಸಿದ’ ಎಂಬ ಪದವನ್ನು ಹುಡುಕಿ. ಹುಡುಕಲು ಸಮಯವಿರುವುದು ಒಂದೇ ಪದಕ್ಕಾದರೆ ಈ ಪದವನ್ನೇ ಹುಡುಕಿ.

ಸುಮ್ಮನೆ ಹೆದರಿಸುವವು

ಮಾನೋಸೋಡಿಯಂ ಗ್ಲುಟಮೇಟ್ (621) ಮೇಲಿನ ಭಯ ಅದಕ್ಕೆ ಸಲ್ಲಬೇಕಾದದ್ದಕ್ಕಿಂತ ಬಹಳ ದೊಡ್ಡದು. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಸಮುದ್ರ ಕಳೆಯ ಸಾರಿನಿಂದ ಈ ರುಚಿಯನ್ನು ಬೇರ್ಪಡಿಸಿದರು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಪತ್ರದಿಂದ ಅದಕ್ಕೆ ಕೆಟ್ಟ ಹೆಸರು ಅಂಟಿತು. ತಿಂದವರಿಗೂ ಕೊಟ್ಟವರಿಗೂ ಯಾವುದರಲ್ಲಿ ಏನಿದೆ ಎಂದು ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ಆ ತಲೆನೋವು, ಉರಿ ಸ್ಥಿರವಾಗಿ ಮರುಕಳಿಸಲಿಲ್ಲ. ಟೊಮೆಟೊ, ಹಳೆಯ ಚೀಸ್‌ಗಳಲ್ಲಿ ಗ್ಲುಟಮೇಟ್ ಇದ್ದೇ ಇದೆ. ‘621 ಸೇರಿಸಿಲ್ಲ’ ಎಂಬ ಸೂಪಿನ ಪೊಟ್ಟಣದ ಹಿಂಬದಿಯಲ್ಲಿ ಯೀಸ್ಟ್ ಸಾರವೋ ಜಲವಿಭಜಿತ ತರಕಾರಿ ಪ್ರೋಟೀನೋ ಇದ್ದರೆ ಅಲ್ಲೂ ಗ್ಲುಟಮೇಟ್ ಇದೆ. ಅಂಥ ಎರಡು ಸೂಪ್‌ಗಳ ನಡುವೆ ಆರಿಸುವಾಗ 621 ನೋಡುವ ಬದಲು ಉಪ್ಪಿನ ಪ್ರಮಾಣ ನೋಡಿ, ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬಾರದು. ತಿಂದಾಗಲೆಲ್ಲ ತೊಂದರೆ ಆಗುತ್ತದೆ ಎನ್ನುವವರು ಬಿಡಲಿ. ಸ್ವಂತ ಮೈಯ ಮಾತಿಗೂ ಬೆಲೆ ಇದೆ.

ದಪ್ಪಗಾಗಿಸುವ ಅಂಟುಗಳು ಮತ್ತು ಎಮಲ್ಸಿಫೈಯರ್‌ಗಳಲ್ಲಿ ಲೆಸಿಥಿನ್ (322), ಪೆಕ್ಟಿನ್‌ಗಳನ್ನು ಮರೆತುಬಿಡಬಹುದು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (466) ಮತ್ತು ಪಾಲಿಸಾರ್ಬೇಟ್ 80 (433) ಇಲಿಗಳ ಕರುಳಿನಲ್ಲಿ ಉರಿಯೂತ ತಂದವು ಎಂದು 2015ರಲ್ಲಿ ವರದಿಯಾಯಿತು. 2022ರಲ್ಲಿ ಮನುಷ್ಯರ ಮೇಲೆ ನಡೆದ ಒಂದು ಚಿಕ್ಕ ಪ್ರಯೋಗದಲ್ಲಿ ದಿನಕ್ಕೆ 15 ಗ್ರಾಂ 466 ತಿಂದವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿತು. ಅದು ಬಹಳ ದೊಡ್ಡ ಪ್ರಮಾಣ. ಕರುಳಿನ ಉರಿಯೂತದ ಕಾಯಿಲೆ ಇರುವವರು ಈ ಎರಡನ್ನು ದೂರವಿಡುವುದು ಜಾಣತನ ಎನ್ನುವುದರಾಚೆ ನಾನು ಹೋಗುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಯವರು 20 ಜನರಿಗೆ ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಸಮ. ಆದರೂ ಅತಿ ಸಂಸ್ಕರಿತ ಆಹಾರ ತಿನ್ನುವಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಪಟ್ಟಿಯಿಂದ ಒಂದು ಬಣ್ಣವನ್ನೋ ಒಂದು ಸಂರಕ್ಷಕವನ್ನೋ ತೆಗೆದ ಮಾತ್ರಕ್ಕೆ ಈ ಸೆಳೆತ ಹೋಗುವುದಿಲ್ಲ. ಬೀಟ್‌ರೂಟ್ ಬಣ್ಣದ ಕ್ಯಾಂಡಿ ಕ್ಯಾಂಡಿಯೇ.

ಯಾರು ಹೆಚ್ಚು ಬಿಗಿಯಾಗಿರಬೇಕು

ಫಿನೈಲ್‌ಕೀಟೋನುರಿಯಾ ಎಂಬ ಹುಟ್ಟು ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ (951) ಸಂಪೂರ್ಣ ವರ್ಜ್ಯ, ಲೇಬಲ್‌ನಲ್ಲಿ ಫಿನೈಲಲನಿನ್ ಇದೆ ಎಂಬ ಎಚ್ಚರಿಕೆ ಇರುವುದು ಅವರಿಗಾಗಿ. ಹೊಟ್ಟೆ ಬೇಗ ಕೆಡುವವರು ಸಕ್ಕರೆರಹಿತ ಚಾಕೊಲೇಟ್, ಗಮ್‌ಗಳಲ್ಲಿರುವ ಸಾರ್ಬಿಟಾಲ್ (420), ಕ್ಸೈಲಿಟಾಲ್ (967) ಹೆಚ್ಚಾದರೆ ಭೇದಿ ಆಗುವುದನ್ನು ನೆನಪಿಡಬೇಕು. ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ನೋಯುವ ಗೌಟ್ ಇರುವವರು ರುಚಿ ಹೆಚ್ಚಿಸುವ 627, 631, 635ನ್ನು ನೋಡಿಕೊಳ್ಳಬೇಕು, ಅವು ದೇಹದಲ್ಲಿ ಯೂರಿಕ್ ಆಮ್ಲವಾಗುತ್ತವೆ.

ಮೂತ್ರಪಿಂಡದ ಕಾಯಿಲೆ ಇರುವವರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ. ಸಂಸ್ಕರಿತ ಚೀಸ್, ಕೋಲಾ, ಫ್ರೀಜ್ ಮಾಡಿದ ಕೋಳಿ, ದಿಢೀರ್ ಕೇಕ್ ಮಿಶ್ರಣಗಳಲ್ಲಿ ಫಾಸ್ಫೇಟ್‌ಗಳು ತುಂಬಿರುತ್ತವೆ: 338ರಿಂದ 341, 450ರಿಂದ 452. ಕಾಳು, ಧಾನ್ಯಗಳಲ್ಲಿರುವ ರಂಜಕದ ಒಂದು ಭಾಗವನ್ನಷ್ಟೇ ಕರುಳು ಹೀರಿಕೊಳ್ಳುತ್ತದೆ. ಸೇರಿಸಿದ ಫಾಸ್ಫೇಟನ್ನು ಬಹುಪಾಲು ಹೀರಿಕೊಳ್ಳುತ್ತದೆ. ಸೋತ ಮೂತ್ರಪಿಂಡಕ್ಕೆ ಅದನ್ನು ಹೊರಹಾಕಲಾಗದೆ ಮೂಳೆ ಮತ್ತು ರಕ್ತನಾಳಗಳು ತೊಂದರೆಗೊಳಗಾಗುತ್ತವೆ. ಪೋಷಕಾಂಶಗಳ ಕೋಷ್ಟಕದಲ್ಲಿ ರಂಜಕದ ಪ್ರಮಾಣ ಬರೆಯುವುದು ಹೆಚ್ಚಿನ ಕಡೆ ಕಡ್ಡಾಯವಲ್ಲ, ಹಾಗಾಗಿ ಅವರಿಗೆ ಪದಾರ್ಥಗಳ ಪಟ್ಟಿಯೊಂದೇ ಆಧಾರ. ಎರಡು ಚೀಸ್‌ಗಳ ನಡುವೆ ಹಾಲು, ಉಪ್ಪು, ಹೆಪ್ಪು ಮತ್ತು ಕಿಣ್ವ ಇಷ್ಟೇ ಇರುವುದನ್ನು, ಕೋಳಿಯಲ್ಲಿ ಏನೂ ಚುಚ್ಚದ ಹಸಿ ಮಾಂಸವನ್ನು ಆರಿಸಬೇಕು, ಪಟ್ಟಿಯ ಫೋಟೊ ತೆಗೆದುಕೊಂಡು ಹೋಗಿ ವೈದ್ಯರಿಗೂ ಆಹಾರ ತಜ್ಞರಿಗೂ ತೋರಿಸಬೇಕು.